ಗುಬ್ಬಿ ಚಿತ್ರದ ತಟ್ಟೆ

ಫೆಬ್ರವರಿ 3

ಲೋ ಗುಬ್ಬಿ,

ಫೋನ್ ಮಾಡಿ ಮಾಡಿ ನನ್ನ ಬೆರಳು ಸವೆದುಹೋಯ್ತು. ಎತ್ತಬಾರದು ಅಂತ ಆಣೆ ಇಟ್ಟುಕೊಂಡಿದ್ದೀಯಾ? ಮೂರು ದಿನ ಬಿಟ್ಟು 'ಚೆನ್ನಾಗಿದ್ದೀನಿ, ಬಿಜಿ' ಅಂತ ಎರಡು ಪದ ಕಳಿಸ್ತೀಯ. ಅದಕ್ಕೆ ನಾನು ಏನಂತ ಉತ್ತರ ಕೊಡಲಿ? ಅದಕ್ಕೇ ಕಾಗದ ಬರೀತಿದ್ದೀನಿ. ಇದನ್ನ ಕಟ್ ಮಾಡೋಕೆ ಆಗಲ್ಲ, ಓದಲೇಬೇಕು.

ನೀನು ಹೇಳದೆ ಕೇಳದೆ ಊರು ಬಿಟ್ಟು ಎರಡು ವರ್ಷ ಆಯ್ತು. 'ನಾನೇನಾದರೂ ಅಂದೆನಾ ಅವನಿಗೆ?' ಅಂತ ನಿಮ್ಮ ಭಾವ ಇವತ್ತಿಗೂ ಕೇಳ್ತಾರೆ. ಅವರು ಯಾರಿಗೆ ಏನು ಅಂದಾರು, ಪಾಪ. ಹಾಲು ಕುಡಿಯೋ ಬೆಕ್ಕಿಗೂ 'ಹುಷ್' ಅನ್ನೋಕೆ ಸಂಕೋಚಪಡೋ ಮನುಷ್ಯ.

ನನ್ನ ಅಂಗಡಿ ಹಾಗೇ ಇದೆ. ಗುಂಡಿ, ದಾರ, ಜಿಪ್ಪು, ಸೂಜಿ, ಮತ್ತೆ ದಿನಕ್ಕೆ ನಾಲ್ಕು ಜನ ಬಂದು 'ಈ ಬಣ್ಣ ಅಲ್ಲ, ಸ್ವಲ್ಪ ಬೇರೆ' ಅನ್ನೋದು. ಪ್ರಾರ್ಥನಾ ಮನೆಯ ಅಡುಗೆ ಈಗ ನನ್ನ ಉಸ್ತುವಾರಿ. ತಿಂಗಳ ಮೊದಲ ಭಾನುವಾರ ಎಲ್ಲರೂ ಒಟ್ಟಿಗೆ ಊಟ ಮಾಡ್ತೀವಲ್ಲ, ಎಪ್ಪತ್ತು ಜನ ಆಗ್ತಾರೆ. ಎಲ್ಲರೂ ನೀನು ಹೊಲಿದುಕೊಟ್ಟ ಮೆತ್ತೆಗಳ ಮೇಲೇ ಕೂರೋದು. ಗುರುಗಳು ಮೊನ್ನೆ ತಮ್ಮ ಮೆತ್ತೆ ತಟ್ಟುತ್ತಾ, 'ಇದನ್ನ ಹೊಲಿದವನು ಯಾವಾಗ ಬರ್ತಾನಮ್ಮ?' ಅಂದರು. ನಾನು ಸೊಪ್ಪು ಸೋಸ್ತಾ ಇದ್ದೆ, ಕೇಳಿಸದವಳ ಹಾಗೆ ಕೂತೆ.

ಬೇರೆ ವಿಶೇಷ ಏನಿಲ್ಲ. ಮನೆ ಕುರ್ಚಿಯ ಮೆತ್ತೆ ಗಂಟು ಗಂಟಾಗಿತ್ತು. ಹೋದ ತಿಂಗಳು ಬಿಚ್ಚಿ, ಹತ್ತಿ ಬಿಸಿಲಿಗೆ ಹಾಕಿ, ಮತ್ತೆ ತುಂಬಿ ಹೊಲಿದೆ. ನಿನ್ನ ಹೊಲಿಗೆಯಷ್ಟು ನೇರ ಬರಲಿಲ್ಲ.

ಕಾಗದ ಬರಿ. ಎರಡು ಪದ ಅಲ್ಲ.

ಅಕ್ಕ


ಫೆಬ್ರವರಿ 17

ಅಕ್ಕ,

ತಗೋ, ಎರಡಕ್ಕಿಂತ ಜಾಸ್ತಿ ಪದ. ಫೋನಲ್ಲಾದರೆ ನನ್ನ ದನಿ ಕೇಳಿ ನೀನು ಒಂದಕ್ಕೆ ಹತ್ತು ಅರ್ಥ ಮಾಡ್ತೀಯ. 'ಯಾಕೋ ಮೂಗು ಕಟ್ಟಿದೆ? ಅತ್ತೆಯಾ? ಊಟ ಮಾಡಿಲ್ವಾ?' ಕಾಗದಕ್ಕೆ ಮೂಗಿಲ್ಲ, ಅದೇ ವಾಸಿ.

ನನ್ನ ಕೆಲಸ ಚೆನ್ನಾಗಿದೆ. ಬಸ್ ಡಿಪೋದಲ್ಲಿ ಹರಿದ ಸೀಟು ಹೊಲಿಯೋದು. ಒಂದು ಬಸ್ಸಿನ ಸೀಟು ಬಿಚ್ಚಿದರೆ ಒಳಗೆ ಒಂದು ಊರೇ ಇರುತ್ತೆ ಕಣಕ್ಕ. ಹೋದ ವಾರ ಸಿಕ್ಕಿದ್ದು: ಬಾಚಣಿಗೆ ಮೂರು, ಒಂದು ಕಿವಿಯೋಲೆ, ಹಲ್ಲಿನ ಸೆಟ್ಟು ಒಂದು. ಹಲ್ಲು ಕಳಕೊಂಡ ಮನುಷ್ಯ ಇಳಿಯೋ ಸ್ಟಾಪ್ ಹೆಸರು ಹೇಗೆ ಹೇಳಿದನೋ ಅಂತ ಇಡೀ ಡಿಪೋ ನಕ್ಕಿತು.

ಆರೋಗ್ಯ ಕಲ್ಲುಗುಂಡು. ಭಾವನಿಗೆ ಹೇಳು, ಅವರು ಏನೂ ಅಂದಿಲ್ಲ. ಇಲ್ಲಿ ಕೆಲಸ ಸಿಕ್ಕಿತು, ಬಂದೆ, ಅಷ್ಟೇ. ರಜೆ ಸಿಗೋದು ಕಷ್ಟ.

ಮೆತ್ತೆ ಬಿಚ್ಚಿದೆ ಅಂದೆಯಲ್ಲ. ಯಾವ ಕುರ್ಚಿದು? ಕಿಟಕಿ ಹತ್ತಿರದ್ದಾ?

ಗುಬ್ಬಿ


ಫೆಬ್ರವರಿ 22

ಗುಬ್ಬಿ,

ಕಿಟಕಿ ಹತ್ತಿರದ್ದೇ.

ಹತ್ತಿಯ ಮಧ್ಯ ಮಾತ್ರೆಯ ಸೀಸೆ ಸಿಕ್ಕಿತು. ಖಾಲಿ ಸೀಸೆ, ಮೇಲೆ ನಿನ್ನ ಹೆಸರಿನ ಚೀಟಿ. ಅದು ಯಾವ ಮಾತ್ರೆ ಅಂತ ಈಗ ನನಗೆ ಗೊತ್ತು. ನಿನಗೆ ಎಚ್‌ಐವಿ ಇದೆ ಅಂತಲೂ ಗೊತ್ತು. ನೋಡು, ಬರೆದುಬಿಟ್ಟೆ, ಆಕಾಶ ಏನೂ ಕಳಚಿ ಬೀಳಲಿಲ್ಲ.

ಎಂಥಾ ಹುಡುಗನೋ ನೀನು! ನಾನು ದಿನಾ ಅದೇ ಮೆತ್ತೆ ಮೇಲೆ ಕೂತು ನಿನ್ನ ಬೈತಾ ಇದ್ದೆನಲ್ಲೋ. ಅಮ್ಮ ಹೋದಾಗ ನಿನಗೆ ಒಂಬತ್ತು ವರ್ಷ. ನಿನ್ನ ಮೂಗು ಒರೆಸಿದ್ದು, ಹೇನು ತೆಗೆದದ್ದು, ಕಜ್ಜಿ ಆದಾಗ ಪಕ್ಕ ಮಲಗಿಸಿಕೊಂಡದ್ದು ಯಾರು? ನನಗೆ ಹೇಳೋಕೆ ಏನು ಧಾಡಿ ನಿನಗೆ? ಎರಡು ದಿನ ಅತ್ತೆ. ಮೂರನೇ ದಿನ ಸಿಟ್ಟು ಬಂತು. ಈಗ ಎರಡೂ ಇದೆ.

ಇನ್ನೊಂದು ಮಾತು. ಪ್ರಾರ್ಥನಾ ಮನೆಯವರಿಗೂ ಗೊತ್ತಾಗಿದೆ. ಹೇಗೆ ಅಂತ ಕೇಳಬೇಡ, ಇಂಥ ಮಾತಿಗೆ ಕಾಲು ತಾನಾಗಿ ಬರುತ್ತೆ. ಆದರೆ ನೀನು ಅಂದುಕೊಂಡ ಹಾಗೆ ಆಗಲಿಲ್ಲ. ಗುರುಗಳು ಎಲ್ಲರನ್ನೂ ಕೂರಿಸಿ ಹೇಳಿದರು: 'ಆ ಹುಡುಗ ನಮ್ಮ ನಡುವೆ ಇದ್ದಾಗಲೇ ಅವನಿಗೆ ಇದು ಇತ್ತು. ಅವನು ನಮಗೆ ಹೇಳಲಿಲ್ಲ ಅಂದರೆ, ಹೇಳಬಹುದು ಅನ್ನೋ ಧೈರ್ಯ ನಾವು ಕೊಟ್ಟಿರಲಿಲ್ಲ ಅಂತ. ಇನ್ನು ಮೇಲೆ ಅವನ ಪಕ್ಕ ನಿಲ್ಲೋಣ.' ನಾನು ಸೆರಗಲ್ಲಿ ಮುಖ ಮುಚ್ಚಿಕೊಂಡು ಬಿಕ್ಕಿದೆ.

ಬಾ ಕಣೋ. ಒಂದೇ ಒಂದು ಭಾನುವಾರ ಬಾ.

ಅಕ್ಕ


ಮಾರ್ಚ್ 9

ಅಕ್ಕ,

ನಿನ್ನ ಕಾಗದ ಹನ್ನೆರಡು ದಿನ ಜೇಬಲ್ಲೇ ಇತ್ತು. ಹೊರಗೆ ತೆಗೆಯೋದು, ಒಳಗೆ ಇಡೋದು. ಮಡಿಕೆಯಲ್ಲಿ ಹರಿದೇ ಹೋಗಿದೆ.

ಸರಿ, ಸುಳ್ಳು ಸಾಕು. ಗೊತ್ತಾದ ದಿನ ನಾನು ಸತ್ತೇ ಹೋದೆ ಅಂದುಕೊಂಡೆ. ನಿಮ್ಮ ಮನೆಯಲ್ಲಿ ನಾಲ್ಕು ತಿಂಗಳು ಮಾತ್ರೆ ಕದ್ದು ನುಂಗಿದೆ. ಸೀಸೆ ಕಸಕ್ಕೆ ಹಾಕಿದರೆ ನಿನ್ನ ಕಣ್ಣಿಗೆ ಬೀಳುತ್ತೆ ಅಂತ ಮೆತ್ತೆಯೊಳಗೆ ಹೊಲಿದೆ. ನನಗೆ ಗೊತ್ತಿರೋ ಅಡಗುತಾಣ ಅದೊಂದೇ. ಆಮೇಲೆ ನಿನ್ನ ಮುಖ ನೋಡೋಕೆ ಆಗದೆ ಓಡಿಬಂದೆ.

ಈಗ ಹೆದರಬೇಡ. ದಿನಕ್ಕೆ ಒಂದೇ ಮಾತ್ರೆ. ಒಂದು ದಿನವೂ ತಪ್ಪಿಸಿಲ್ಲ. ರಕ್ತದಲ್ಲಿ ವೈರಸ್ ಪರೀಕ್ಷೆಗೆ ಸಿಗದಷ್ಟು ಕಮ್ಮಿ ಆಗಿದೆ, ಹೀಗೇ ಮಾತ್ರೆ ತಗೊಂಡರೆ ಎಲ್ಲರ ಹಾಗೆ ಮುದುಕನಾಗ್ತೀಯ ಅಂತಾರೆ ಡಾಕ್ಟರು. ಆಸ್ಪತ್ರೆ ಪಕ್ಕ ಒಂದು ಸಭಾಮನೆ ಇದೆ. ಅವರ ದೇವರ ಹೆಸರು ಬೇರೆ, ಪ್ರಾರ್ಥನೆ ಬೇರೆ. ಆದರೆ ಮಾತ್ರೆ ಕೊಡೋ ದಿನ ನಮ್ಮಂಥವರು ಬಿಸಿಲಲ್ಲಿ ಸಾಲು ನಿಲ್ಲಬಾರದು ಅಂತ ತಮ್ಮ ಹಜಾರ ಬಿಟ್ಟುಕೊಡ್ತಾರೆ. ಅಲ್ಲೊಬ್ಬರು ಅಜ್ಜಿ ಇದ್ದಾರೆ. ಎಲ್ಲರಿಗೂ ಚಹಾ ಕೊಡ್ತಾರೆ, ಮಾತ್ರೆ ಮರೆತವರ ಕಿವಿ ಹಿಂಡ್ತಾರೆ. ನೀನೇ ಅಲ್ಲಿಗೆ ಬಂದು ಕೂತಿದ್ದೀಯೇನೋ ಅನ್ನಿಸುತ್ತೆ.

ಮೊದಲು ಬೇರೆ ಕಡೆ ಬಾಡಿಗೆಗಿದ್ದೆ. ಆರು ತಿಂಗಳಿಗೆ ಬಿಟ್ಟೆ. ಆ ಕಥೆ ಬೇಡ ಬಿಡು.

ಗುರುಗಳು ಹಾಗಂದರಾ? ನಿಜವಾಗ್ಲೂ? ಹಾಗಾದರೆ ಮೇ ಮೊದಲ ಭಾನುವಾರ ಬರ್ತೀನಿ. ಆದರೆ ಅವರಿಗೆಲ್ಲ ಯಾರು ಹೇಳಿದ್ದು ಅಂತ ನೀನು ಹೇಳಲೇ ಇಲ್ಲ.

ಗುಬ್ಬಿ


ಮಾರ್ಚ್ 20

ನನ್ನ ಬಂಗಾರ ಗುಬ್ಬಿ,

ನೀನು ಬರ್ತೀಯ ಅಂತ ಓದಿ ಅಂಗಡಿಯಲ್ಲೇ ಕೂಗಿಬಿಟ್ಟೆ. ಜಿಪ್ಪು ತಗೊಳ್ಳೋಕೆ ಬಂದಿದ್ದ ಹೆಂಗಸು ಬೆಚ್ಚಿಬಿದ್ದು ಎರಡು ಜಿಪ್ಪು ತಗೊಂಡು ಹೋದಳು.

ಎಲ್ಲರೂ ಒಂದೇ ಥರ ಅಂತ ಸುಳ್ಳು ಹೇಳಲ್ಲ. ಔಷಧಿ ಅಂಗಡಿಯವಳು ಗೊತ್ತಲ್ಲ, ಪ್ರಾರ್ಥನಾ ಮನೆಯ ಎದುರಿನವಳು? ಅವಳು ಊಟಕ್ಕೆ ಬರೋದು ನಿಲ್ಲಿಸಿದ್ದಾಳೆ. ಅವಳ ನಾಲ್ಕು ವರ್ಷದ ಪುಟ್ಟಿಯನ್ನೂ ಕಳಿಸ್ತಿಲ್ಲ. ಹೋದರೆ ಹೋಗಲಿ, ಅವಳ ಪಾಲೂ ನೀನೇ ತಿನ್ನು.

ಈಗ ಒಂದು ಗುಟ್ಟು. ನೀನು ಬಂದಾಗಲೇ ತೋರಿಸೋಣ ಅಂತಿದ್ದೆ, ಆದರೆ ನನ್ನ ಹೊಟ್ಟೆಯಲ್ಲಿ ಮಾತು ನಿಲ್ಲಲ್ಲ. ನಾವೆಲ್ಲ ಸೇರಿ ನಿನಗೆ ಅಂತ ಹೊಸ ತಟ್ಟೆ ತಂದಿದ್ದೀವಿ! ದಪ್ಪ ಸ್ಟೀಲು, ಅಂಚು ಕನ್ನಡಿ ಹಾಗೆ ಹೊಳೆಯುತ್ತೆ. ಪಾತ್ರೆ ಮೇಲೆ ಕೊರೆಯೋ ತಾತ ನಡುವೆ ಒಂದು ಗುಬ್ಬಿ ಚಿತ್ರ ಕೊರೆದುಕೊಟ್ಟರು. ಸ್ವಲ್ಪ ಕೋಳಿಮರಿ ಥರ ಇದೆ, ಪರವಾಗಿಲ್ಲ. ಉಪಾಯ ನನ್ನದೇ, ಗುರುಗಳು ಭೇಷ್ ಅಂದರು. ಬೇರೆ ಯಾರೂ ಅದನ್ನ ಮುಟ್ಟೋ ಹಾಗಿಲ್ಲ. ಬಟ್ಟೆ ಸುತ್ತಿ ಮೇಲಿನ ಕಪಾಟಲ್ಲಿ ಬೇರೆಯಾಗಿ ಇಟ್ಟಿದ್ದೀನಿ. ಇಡೀ ಪ್ರಾರ್ಥನಾ ಮನೆಯಲ್ಲಿ ಸ್ವಂತ ತಟ್ಟೆ ಇರೋದು ನಿನಗೊಬ್ಬನಿಗೇ. ಗುರುಗಳಿಗೂ ಇಲ್ಲ!

ಮೇ ಬೇಗ ಬರಲಿ.

ಅಕ್ಕ


ಏಪ್ರಿಲ್ 2

ಅಕ್ಕ,

ಮೇ ತಿಂಗಳು ಬರೋಕೆ ಆಗಲ್ಲ. ಡಿಪೋದಲ್ಲಿ ಕೆಲಸ ಜಾಸ್ತಿ. ಆ ತಟ್ಟೆ ಯಾರಿಗಾದರೂ ಕೊಟ್ಟುಬಿಡಿ. ಎಲ್ಲರಿಗೂ ನಮಸ್ಕಾರ ಹೇಳು.

ಗುಬ್ಬಿ


ಏಪ್ರಿಲ್ 10

ಗುಬ್ಬಿ,

ನಿನಗೆ ಗೊತ್ತಾಗಿಹೋಯ್ತು ಅಲ್ವಾ? ಯಾರು ಹೇಳಿದ್ದು ಅಂತ?

ನಾನೇ ಕಣೋ. ಸೀಸೆ ಸಿಕ್ಕಾಗ ನನಗೆ ತಲೆಬುಡ ತಿಳಿಯಲಿಲ್ಲ. ಜ್ವರದ್ದೋ ಶಕ್ತಿಯದ್ದೋ ಅಂತ ಔಷಧಿ ಅಂಗಡಿಗೆ ತಗೊಂಡು ಹೋಗಿ, 'ಇದು ಯಾತಕ್ಕಮ್ಮ? ನನ್ನ ತಮ್ಮನದು' ಅಂದೆ. ಅಂಗಡಿ ತುಂಬ ಜನ. ಅವಳು ಓದಿದಳು, ಮುಖ ಬಿಳುಚಿಕೊಂಡಿತು, ಹೇಳಿದಳು. ಮೆಲ್ಲಗೇ ಹೇಳಿದಳು, ಆದರೆ ನಾನು 'ಏನಂದೆ?' ಅಂತ ಜೋರಾಗಿ ಕೇಳಿದೆ. ಮಾತು ಆಡಿದರೆ ಹೋಯ್ತು, ಮುತ್ತು ಒಡೆದರೆ ಹೋಯ್ತು. ಸಂಜೆಯೊಳಗೆ ಬೀದಿಗೆಲ್ಲ ಡಂಗುರ.

ಎರಡು ವರ್ಷ ನೀನು ಹೊಲಿದಿಟ್ಟ ಗುಟ್ಟನ್ನ ನಾನು ಒಂದೇ ಗಳಿಗೆಗೆ ಹರಾಜು ಹಾಕಿದೆ. ಕಾಗದದಲ್ಲಿ 'ಹೇಗೆ ಅಂತ ಕೇಳಬೇಡ' ಅಂತ ಜಾಣತನ ಬೇರೆ ಮಾಡಿದೆ. ನನ್ನ ಮೇಲೆ ಸಿಟ್ಟು ಮಾಡಿಕೋ, ಬೈದು ನಾಲ್ಕು ಪುಟ ಬರಿ. ಆದರೆ ಉಳಿದವರ ಮೇಲೆ ಆ ಸಿಟ್ಟು ತೋರಿಸಬೇಡ. ತಟ್ಟೆ ಯಾರಿಗಾದರೂ ಕೊಡಿ ಅಂತೀಯಲ್ಲ, ಅಷ್ಟು ಪ್ರೀತಿಯಿಂದ ಮಾಡಿಸಿದ್ದು, ಯಾರಿಗೆ ಕೊಡಲಿ?

ತಪ್ಪಾಯ್ತು.

ಅಕ್ಕ


ಮೇ 6

ಅಕ್ಕ,

ನಿನ್ನೆ ಭಾನುವಾರದ ಊಟ ಆಗಿರಬೇಕು. ಮಧ್ಯಾಹ್ನ ಪೂರ್ತಿ ಗಡಿಯಾರ ನೋಡ್ತಾ ಕೂತಿದ್ದೆ. ಈಗ ಕೂತಿರ್ತಾರೆ, ಈಗ ಬಡಿಸ್ತಿರ್ತಾರೆ, ಅಂತ.

ಔಷಧಿ ಅಂಗಡಿಯ ವಿಷಯ ನೀನು ಬರೆಯೋವರೆಗೆ ನನಗೆ ಗೊತ್ತೇ ಇರಲಿಲ್ಲ. ಕುಂಬಳಕಾಯಿ ಕಳ್ಳ ಅಂದರೆ ನೀನೇ ಹೆಗಲು ಮುಟ್ಟಿಕೊಂಡೆ. ಸಿಟ್ಟು ಬಂತು, ಇಲ್ಲ ಅನ್ನಲ್ಲ, ಒಂದು ವಾರ ಇತ್ತು. ಆಮೇಲೆ 'ಏನಂದೆ?' ಅಂತ ನೀನು ಕೂಗಿದ್ದು ಕಿವಿಯಲ್ಲೇ ಕೇಳಿಸಿ ನಗು ಬಂತು.

ಬರದೆ ಇದ್ದದ್ದು ಅದಕ್ಕಲ್ಲ. ತಟ್ಟೆಗೆ.

ಬೇಡ ಬಿಡು ಅಂದಿದ್ದೆನಲ್ಲ, ಆ ಬಾಡಿಗೆ ಮನೆ. ಊಟ ಅವರ ಮನೆಯಲ್ಲೇ. ಯಜಮಾನಿ ಒಳ್ಳೆಯವರು. ಒಂದು ದಿನ ಅವರಿಗೆ ನನ್ನ ಆಸ್ಪತ್ರೆ ಚೀಟಿ ಸಿಕ್ಕಿತು. ಬೈಯಲಿಲ್ಲ, ಆಚೆ ಹಾಕಲಿಲ್ಲ. ಮಾರನೇ ದಿನ ನನಗೊಂದು ಹೊಸ ತಟ್ಟೆ ಬಂತು. 'ಇದು ನಿನಗೇ ಅಂತ' ಅಂದರು, ನಗ್ತಾ. ತಳಕ್ಕೆ ಕೆಂಪು ಬಣ್ಣದ ಚುಕ್ಕೆ. ಅದು ಒಳಗಿನ ಕಪಾಟಲ್ಲಿ ಇರ್ತಿರಲಿಲ್ಲ, ಬಚ್ಚಲ ಮನೆಯ ಗೂಡಲ್ಲಿ ಬೇರೆಯಾಗಿ. ಅವರ ಮಗ ಒಮ್ಮೆ ಮರೆತು ಅದನ್ನ ಎತ್ತಿಕೊಂಡಾಗ ಕೈಗೆ ಫಟ್ ಅಂತ ಹೊಡೆದರು. ಆ ಏಟು ನನಗೇ ಬಿತ್ತು ಕಣಕ್ಕ. ಮುಂದೆ ಎಷ್ಟೋ ತಿಂಗಳು ಕಾಗದದ ಪೊಟ್ಟಣದಲ್ಲೇ ಊಟ ಮಾಡಿದೆ. 

ನಿನ್ನ ಕಾಗದದಲ್ಲಿ ಓದಿದೆ: ಹೊಸ ತಟ್ಟೆ, ನಿನಗೇ ಅಂತ, ಯಾರೂ ಮುಟ್ಟಲ್ಲ, ಬೇರೆ ಇಟ್ಟಿದ್ದೀನಿ. ನೀನು ಪ್ರೀತಿಯಿಂದ ಬರೆದದ್ದು ಅಂತ ಬುದ್ಧಿಗೆ ಗೊತ್ತಿತ್ತು. ಹೊಟ್ಟೆ ಮಾತ್ರ ಕೇಳಲಿಲ್ಲ.

ಇದನ್ನ ಬರೆಯೋ ಯೋಚನೆಯೂ ನನಗಿರಲಿಲ್ಲ. ಸಭಾಮನೆ ಅಜ್ಜಿ ನನ್ನ ಮುಖ ನೋಡಿ ಬಾಯಿ ಬಿಡಿಸಿದರು. ಎಲ್ಲ ಕೇಳಿ, 'ಹೇಳದೆ ಇದ್ದರೆ ನಿನ್ನ ಅಕ್ಕನಿಗೆ ಕನಸು ಬೀಳುತ್ತಾ? ಪೆನ್ನು ತಗೋ' ಅಂತ ಗದರಿದರು. ತಗೊಂಡಿದ್ದೀನಿ.

ಗುಬ್ಬಿ


ಜೂನ್ 5

ಗುಬ್ಬಿ,

ನಿನ್ನ ಕಾಗದ ಓದಿ ನನಗೆ ನನ್ನ ಮೇಲೇ ಅಸಹ್ಯ ಆಯ್ತು. ಹೆತ್ತ ತಾಯಿ ಹಾಗೆ ಸಾಕಿದವಳು, ಆ ಯಜಮಾನಿ ಮಾಡಿದ್ದನ್ನೇ ಮಾಡಿದೆನಲ್ಲ, ಅದೂ ಹೊಳಪು ಕೊಟ್ಟು, ಚಿತ್ರ ಕೊರೆಸಿ. ಉತ್ತರ ಬರೆಯೋಕೆ ಇಷ್ಟು ದಿನ ತಗೊಂಡಿದ್ದು ಯಾಕೆಂದರೆ ಈ ಸಲ ಬರೀ ಮಾತು ಕಳಿಸೋಕೆ ಮನಸ್ಸಾಗಲಿಲ್ಲ.

ಗುರುಗಳ ಹತ್ತಿರ ಹೋದೆ. ನಿನ್ನ ಕಾಗದ ಕೊಡಲಿಲ್ಲ, ಒಂದು ಸಲ ಗುಟ್ಟು ಹರಾಜು ಹಾಕಿದ್ದು ಸಾಕು. ನಿನಗೆ ಬೇರೆ ತಟ್ಟೆ ಅಂದರೆ ಹೇಗೆ ಅನ್ನಿಸುತ್ತೆ ಅಂತಷ್ಟೇ ಹೇಳಿದೆ. ಅವರು, 'ಪಕ್ಕ ನಿಲ್ಲೋಣ ಅಂತ ದೊಡ್ಡದಾಗಿ ಹೇಳಿ ಒಂದು ಮಾರು ದೂರ ಕೂರಿಸೋಕೆ ಹೊರಟಿದ್ದೆವಲ್ಲಮ್ಮ. ನಾನೂ ಭೇಷ್ ಅಂದೆ' ಅಂದರು. ಎದ್ದು ತಾವೇ ಸ್ಟೂಲ್ ಹತ್ತಿ ಕಪಾಟಿನಿಂದ ತಟ್ಟೆ ಇಳಿಸಿದರು. ಬಟ್ಟೆ ಬಿಚ್ಚಿ ಉಳಿದ ತಟ್ಟೆಗಳ ರಾಶಿಯ ನಡುವೆ ತುರುಕಿದರು.

ಮೊನ್ನೆ ಭಾನುವಾರ ಅದು ಯಾರಿಗೆ ಬಂತು ಗೊತ್ತಾ? ಮೊದಲನೇ ಸಲ ನಿಮ್ಮ ಭಾವನಿಗೆ! ಕೋಳಿಮರಿ ನೋಡಿ 'ಏ, ಇದು ನಮ್ಮ ಹುಡುಗನದು' ಅಂತ ಎಲ್ಲರಿಗೂ ಎತ್ತಿ ತೋರಿಸಿದರು. ಅವರು ಅಷ್ಟು ಜೋರಾಗಿ ಮಾತಾಡಿದ್ದು ನಮ್ಮ ಮದುವೆಯಾದ ಮೇಲೆ ಇದೇ ಮೊದಲು. ಎರಡನೇ ಪಂಕ್ತಿಯಲ್ಲಿ ಗುರುಗಳಿಗೆ. ತೊಳೆದು ಮತ್ತೆ ರಾಶಿಗೆ. ಇನ್ನು ಅದು ನಿನ್ನ ತಟ್ಟೆ ಅಲ್ಲ. ರಾಶಿಯ ಇನ್ನೊಂದು ತಟ್ಟೆ.

ಬಾ ಅಂತ ಕರೆಯಲ್ಲ. ಹೇಳಿದೆ ಅಷ್ಟೇ.

ಅಕ್ಕ


ಜುಲೈ 9

ಗುಬ್ಬಿ,

ನೀನು ಬರೆದಿಲ್ಲ. ಆದರೂ ಬರೀತೀನಿ, ನನ್ನ ಬಾಯಿ ನಿನಗೆ ಗೊತ್ತಲ್ಲ.

ಔಷಧಿ ಅಂಗಡಿಯವಳು ಊಟಕ್ಕೆ ಬಂದಳು. ನಾನೇ ಅವಳ ಅಂಗಡಿಗೆ ಹೋಗಿದ್ದೆ, ಜಗಳ ಮಾಡೋಕೆ ಅಂತಲೇ. 'ಅಲ್ಲಮ್ಮಾ, ಓದಿದವಳು ನೀನು. ತಟ್ಟೆಯಿಂದ ಬರಲ್ಲ, ಲೋಟದಿಂದ ಬರಲ್ಲ ಅಂತ ನೀನು ನನಗೆ ಹೇಳಬೇಕೋ, ನಾನು ನಿನಗೋ?' ಅಂದೆ. ಅವಳು ತಲೆ ತಗ್ಗಿಸಿ, 'ಗೊತ್ತು ಅಕ್ಕಾ. ತಲೆಗೆ ಗೊತ್ತು. ಮಗು ಅಂದಾಗ ಕೈ ಕೇಳಲ್ಲ' ಅಂದಳು.  ಸುಳ್ಳು ಹೇಳದೆ ಹೆದರಿಕೆ ಅಂತ ಒಪ್ಪಿಕೊಂಡವಳನ್ನ ಏನಂತ ಬೈಯಲಿ?

ಬಂದಳು, ಆದರೆ ಪುಟ್ಟಿಗೆ ಮನೆಯಿಂದಲೇ ತಟ್ಟೆ ತಂದಿದ್ದಳು. ನನ್ನ ಹೊಟ್ಟೆ ಉರಿದುಹೋಯ್ತು. ಗುರುಗಳು 'ಬಂದಿದ್ದಾಳಲ್ಲ, ಇರಲಿ' ಅಂದರು. ನಡುವೆ ಪುಟ್ಟಿ ಪಕ್ಕದವರ ತಟ್ಟೆಯಲ್ಲಿ ಗುಬ್ಬಿ ಕಂಡು, 'ನನಗೂ ಹಕ್ಕಿ ತಟ್ಟೆ' ಅಂತ ರಂಪ ಮಾಡಿತು. ಅವಳು ಮಗುವನ್ನ ಎತ್ತಿಕೊಂಡು ಹೊರಗೆ ಹೋದಳು.

ಇದ್ದದ್ದು ಇದ್ದ ಹಾಗೆ ಬರೆದಿದ್ದೀನಿ. ಎಲ್ಲ ಸರಿಹೋಯ್ತು ಅಂತ ಬರೆದಿದ್ದರೆ ನಿನಗೆ ಅನುಮಾನ ಬರ್ತಿತ್ತು.

ಅಕ್ಕ


ಜುಲೈ 24

ಅಕ್ಕ,

ಎಲ್ಲ ಸರಿಹೋಯ್ತು ಅಂತ ನೀನು ಬರೆದಿದ್ದರೆ ಖಂಡಿತ ಬರ್ತಿರಲಿಲ್ಲ. ಆಗಸ್ಟ್ ಮೊದಲ ಭಾನುವಾರ, ಬೆಳಗಿನ ಬಸ್ಸು. ಯಾರೂ ಭಾಷಣ ಮಾಡಬಾರದು, ಯಾರೂ ಅಳಬಾರದು. ಮುಖ್ಯವಾಗಿ ನೀನು.

ಗುಬ್ಬಿ


ಆಗಸ್ಟ್ 8

ಅಕ್ಕ,

ಡಿಪೋದಲ್ಲಿ ಮಧ್ಯಾಹ್ನದ ಬಿಡುವಲ್ಲಿ ಕೂತು ಬರೀತಿದ್ದೀನಿ. ಅಳಬಾರದು ಅಂತ ನಾನು ಬರೆದದ್ದಕ್ಕೆ ನೀನು ಅಡುಗೆಮನೆ ಬಿಟ್ಟು ಹೊರಗೇ ಬರಲಿಲ್ಲ. ಒಳಗೆ ಪಾತ್ರೆ ಸದ್ದು ಬೇಕಂತಲೇ ಜಾಸ್ತಿ ಮಾಡ್ತಿದ್ದೆ, ಗೊತ್ತಾಗುತ್ತೆ ನನಗೆ. ಅದಕ್ಕೇ ಹಜಾರದಲ್ಲಿ ಆದದ್ದು ನಿನಗೆ ಗೊತ್ತಿಲ್ಲ. ಬಸ್ ಹತ್ತೋವಾಗ ಹೇಳೋಣ ಅಂದರೆ ಬಾಯಿ ಬರಲಿಲ್ಲ.

ನಾನು ಎರಡನೇ ಪಂಕ್ತಿಯಲ್ಲಿ ಕೂತೆ. ನಾನೇ ಹೊಲಿದ ಮೆತ್ತೆ, ಮೂಲೆಯ ಹೊಲಿಗೆ ಬಿಟ್ಟಿದೆ, ಮುಂದಿನ ಸಲ ಸರಿ ಮಾಡ್ತೀನಿ. ರಾಶಿಯಿಂದ ತಟ್ಟೆ ಹಂಚುತ್ತಾ ಬಂದರು.  ನನಗೆ ಬಂದದ್ದು ಒಂದು ಹಳೇ ತಟ್ಟೆ, ಅಂಚು ಸೊಟ್ಟ, ಇನ್ನೂ ಒದ್ದೆ. ಮೊದಲ ಪಂಕ್ತಿಯಲ್ಲಿ ಯಾರೋ ಉಂಡದ್ದು. ಅಷ್ಟು ಚೆಂದದ ತಟ್ಟೆ ನಾನು ನೋಡಿರಲಿಲ್ಲ ಕಣಕ್ಕ.

ಆಮೇಲೆ ಕಣ್ಣು ತಾನಾಗೇ ಗುಬ್ಬಿಯನ್ನ ಹುಡುಕಿತು. ಎದುರು ಸಾಲಲ್ಲಿ ಪುಟ್ಟಿಯ ಮುಂದೆ ಇತ್ತು. ಹಂಚುವವರ ಕೈಯಿಂದ ಮಗುವೇ ಕಿತ್ತುಕೊಂಡಿರಬೇಕು, ಎರಡು ಕೈಯಲ್ಲೂ ಅಮುಕಿ ಹಿಡಿದಿತ್ತು. ಮನೆಯಿಂದ ತಂದ ತಟ್ಟೆ ಅವಳಮ್ಮನ ಚೀಲದಿಂದ ಅರ್ಧ ಹೊರಗೆ. ಔಷಧಿ ಅಂಗಡಿಯವರು ಗುಬ್ಬಿ ನೋಡಿದರು, ತಲೆ ಎತ್ತಿ ನನ್ನ ನೋಡಿದರು. ಪುಟ್ಟಿಯ ಕಡೆ ಕೈ ಚಾಚಿದರು. ನನಗೆ ಆ ಹಳೇ ಏಟಿನ ಸದ್ದು ಕೇಳಿಸಿಬಿಟ್ಟಿತು. ಎದ್ದು ಹೋಗೋಕೆ ಒಂದು ಕಾಲು ಮಡಿಸಿಯೂ ಆಗಿತ್ತು.

ಅವರು ಚಾಚಿದ ಕೈಯಲ್ಲಿ ಪುಟ್ಟಿಯ ಅಂಗಿ ತೋಳು ಮೇಲೆ ಮಡಿಸಿದರು, ಕೊಳೆ ಆಗದಿರಲಿ ಅಂತ. ಚೀಲದಲ್ಲಿದ್ದ ಮನೆ ತಟ್ಟೆಯ ಕಡೆ ಒಂದು ಸಲ ನೋಡಿದರು. ಆದರೂ ಆ ತಟ್ಟೆಯಲ್ಲೇ ಬಡಿಸಿಕೊಂಡು, ಕಲಸಿ, ತುತ್ತು ತುತ್ತೇ ತಿನ್ನಿಸಿದರು. ಅನ್ನದಡಿ ಗುಬ್ಬಿ ಕಾಣೋವರೆಗೆ ಪುಟ್ಟಿ ತಿಂದಿತು. ಕೊನೇ ತುತ್ತಿಗೆ ಬಾಯಿ ಮುಚ್ಚಿ ಬೇಡ ಅಂತ ತಲೆ ಆಡಿಸಿತು. ಅವರು ಆ ತುತ್ತು ಹಿಡಿದು ಒಂದು ಕ್ಷಣ ಕೂತರು. ಆಮೇಲೆ ನನ್ನನ್ನೇ ನೋಡ್ತಾ ತಾವು ತಿಂದರು.

ನಾನು ಕಾಲು ಬಿಡಿಸಿ ಸರಿಯಾಗಿ ಕೂತೆ. ಎರಡು ಸಲ ಬಡಿಸಿಕೊಂಡೆ. ಉಪ್ಪು ಜಾಸ್ತಿ ಆಗಿತ್ತು, ಅಡುಗೆಯವಳು ಅಳ್ತಾ ಬೇಯಿಸಿರಬೇಕು.

ಸಂಜೆ ಬಿಡುವಾದರೆ ಫೋನ್ ಮಾಡು ಅಕ್ಕ. ಎತ್ತುತ್ತೀನಿ.

ಗುಬ್ಬಿ